ಬಂಡೆಗಳ ಕೊಲ್ಲಿಗೆ ಬರುವ ಪ್ರವಾಸಿಗರು: ಕರಾವಳಿಯ ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಿಂದ ದಕ್ಷಿಣಕ್ಕೆ ಗುಡ್ಡದ ಕಾಲುದಾರಿ ಹಿಡಿದು ನಡೆದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಕರೆಯಲಾಗುವ ಕಡಲತೀರಗಳು ಒಂದಾದ ಮೇಲೊಂದು ಎದುರಾಗುತ್ತವೆ. ಇವು ಉದ್ದನೆಯ ಮರಳ ದಂಡೆಗಳಲ್ಲ. ಕಡಲಿಗೆ ಚಾಚಿದ ಎರಡು ಬಂಡೆಗುಡ್ಡಗಳ ನಡುವೆ ಮರಳನ್ನು ಹಿಡಿದಿಟ್ಟುಕೊಂಡ ಕಿರುಗೊಲ್ಲಿಗಳು. ಓಂ ತೀರದಲ್ಲಿ ಇಂತಹ ಎರಡು ಅರ್ಧಚಂದ್ರಗಳು ಬಂಡೆಯೊಂದರ ಎರಡು ಬದಿಗಳಲ್ಲಿ ಜೋಡಿಯಾಗಿ ನಿಂತಿರುವುದರಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಚಾರಣ, ಈಜು, ಕಯಾಕ್ ಸವಾರಿ, ದೋಣಿಯಲ್ಲಿ ಕುಳಿತು ಡಾಲ್ಫಿನ್ ನೋಡುವುದು, ಬಂಡೆಯ ಮೇಲೆ ನಿಂತು ಸೂರ್ಯಾಸ್ತ ಸವಿಯುವುದು, ಹೀಗೆ ನಾನಾ ಉದ್ದೇಶಗಳಿಗಾಗಿ ಇಲ್ಲಿಗೆ ದೂರದೂರದಿಂದ ಜನ ಬರುತ್ತಾರೆ.

ಪ್ರವಾಸಿಗರ ಆಗಮನದಿಂದ ಗ್ರಾಮಗಳಿಗೆ ಆದಾಯವಿದೆ. ಅದರೊಂದಿಗೆ ಎರಡು ಹೊಣೆಗಳೂ ಬರುತ್ತವೆ. ಬಂದವರು ಜೀವಂತವಾಗಿ ಮನೆಗೆ ಮರಳಬೇಕು; ಅವರು ನೋಡಲು ಬಂದ ಕಡಲು ಮುಂದಿನ ವರ್ಷವೂ ಹಾಗೆಯೇ ಇರಬೇಕು. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ಜಿಲ್ಲೆ ಮರೆತಿಲ್ಲ. ಅದು ವಾಹನ ಬಂದು ನಿಲ್ಲುವ ತೆರೆದ ಮರಳದಂಡೆ. ಹಾಫ್ ಮೂನ್, ಪ್ಯಾರಡೈಸ್‌ಗಳಂತಹ ಕೊಲ್ಲಿಗಳಿಗೆ ನಡೆದು ಅಥವಾ ದೋಣಿಯಲ್ಲಿ ಮಾತ್ರ ಹೋಗಬೇಕು. ಅಲ್ಲಿಗೆ ಆಂಬುಲೆನ್ಸ್ ತಲುಪುವುದಿಲ್ಲ. ಆದುದರಿಂದ ಅಪಘಾತವಾದ ಮೊದಲ ಹತ್ತು ನಿಮಿಷ ಅಲ್ಲಿ ಇರುವವರು ಗ್ರಾಮದವರೇ. ಈ ಹಿನ್ನೆಲೆಯಲ್ಲಿ ಬಂಡೆಗಳ ಕೊಲ್ಲಿ ಹೇಗೆ ವರ್ತಿಸುತ್ತದೆ, ಅಲ್ಲಿ ಯಾವ ಜೀವಿಗಳಿವೆ, ಪಂಚಾಯಿತಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಶಾಂತವಾಗಿ ಕಾಣುವ ನೀರು ಏಕೆ ಸುರಕ್ಷಿತವಲ್ಲ?

ತೆರೆದ ಕಡಲಿನಿಂದ ಬರುವ ಅಲೆ ಆಳ ಕಡಿಮೆಯಾದಂತೆ ನಿಧಾನಗೊಳ್ಳುತ್ತದೆ. ಭೂಶಿರದ ಮುಂದೆ ಆಳ ಬೇಗ ಕಡಿಮೆಯಾಗುವುದರಿಂದ ಅಲೆಯ ಆ ಭಾಗ ಹಿಂದುಳಿದು, ಇಡೀ ಅಲೆ ಬಂಡೆಯ ಕಡೆಗೆ ಬಾಗುತ್ತದೆ. ಹೀಗೆ ಅಲೆಯ ಶಕ್ತಿ ಭೂಶಿರಗಳ ಮೇಲೆ ಕೇಂದ್ರೀಕೃತವಾಗುತ್ತದೆ; ಕೊಲ್ಲಿಯ ಒಳಭಾಗದಲ್ಲಿ ಹರಡಿ ದುರ್ಬಲವಾಗುತ್ತದೆ. ಕೊಲ್ಲಿಯಲ್ಲಿ ಮರಳು ಉಳಿದಿರುವುದಕ್ಕೂ, ಎರಡು ತುದಿಗಳಲ್ಲಿ ಬಂಡೆ ಬರಿದಾಗಿ ನಿಂತಿರುವುದಕ್ಕೂ ಕಾರಣ ಇದೇ. ಪ್ರವಾಸಿಗರು ಛಾಯಾಚಿತ್ರಕ್ಕಾಗಿ ಆರಿಸಿಕೊಳ್ಳುವ ಬಂಡೆಯ ತುದಿಯೇ ಆ ಕೊಲ್ಲಿಯಲ್ಲಿ ಅಲೆಯ ಹೊಡೆತ ಅತಿ ಹೆಚ್ಚಾಗಿರುವ ಸ್ಥಳ.

ಎರಡನೆಯ ಅಪಾಯ ಸೆಳವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಮರಳಿ ಹೋಗಲೇಬೇಕು. ಕೊಲ್ಲಿಯಲ್ಲಿ ಅದು ದಡದುದ್ದಕ್ಕೂ ಪಕ್ಕಕ್ಕೆ ಹರಿದು, ಬಂಡೆಗೆ ತಾಗಿ, ಬಂಡೆಯ ಪಕ್ಕದಲ್ಲೇ ಕಡಲಿನತ್ತ ತಿರುಗುತ್ತದೆ. ಹರಿವು ಅಲ್ಲಿ ಮರಳನ್ನು ಕೊರೆದು ಆಳ ಮಾಡಿರುವುದರಿಂದ ಆ ಭಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವವರಿಗೆ ಉಳಿದ ಕಡೆಗಳಿಗಿಂತ ಅಲ್ಲಿಯೇ ನೀರು ಶಾಂತವಾಗಿ ಕಾಣುತ್ತದೆ. ಈಜು ಅರಿಯದವರು, ಮಕ್ಕಳನ್ನು ಕರೆತಂದವರು, ಹಿಡಿದುಕೊಳ್ಳಲು ಬಂಡೆ ಇದೆಯೆಂಬ ಧೈರ್ಯದಿಂದ ಅಲ್ಲಿಯೇ ಇಳಿಯುತ್ತಾರೆ.

ಸೆಳವಿಗೆ ಸಿಲುಕಿದವರು ದಡದತ್ತ ನೇರವಾಗಿ ಈಜಲು ಹೋಗಿ ದಣಿದು ಮುಳುಗುತ್ತಾರೆ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅಂಗಾತ ತೇಲುತ್ತಾ ಕೈಯೆತ್ತಿ ಸಹಾಯ ಕೇಳುವುದು, ಶಕ್ತಿಯಿದ್ದರೆ ಬಂಡೆಯಿಂದ ದೂರಕ್ಕೆ, ದಡಕ್ಕೆ ಸಮಾನಾಂತರವಾಗಿ ಈಜಿ ಅಲೆ ಒಡೆಯುವ ಜಾಗಕ್ಕೆ ಬಂದು ನಂತರ ದಡದತ್ತ ತಿರುಗುವುದು ಸರಿಯಾದ ಕ್ರಮ.

2. ಉಬ್ಬರ ಇಳಿತದ ಲೆಕ್ಕ

ಸುಮಾರು 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ಕಡಲು ಎರಡು ಬಾರಿ ಉಬ್ಬುತ್ತದೆ, ಎರಡು ಬಾರಿ ಇಳಿಯುತ್ತದೆ. ಆದುದರಿಂದ ಇಂದಿನ ಉಬ್ಬರದ ವೇಳೆ ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಹೆಚ್ಚು. ಕಾರವಾರ, ಕುಮಟಾ ಭಾಗದಲ್ಲಿ ಅದು ಸುಮಾರು ಒಂದೂವರೆ ಮೀಟರ್. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಜಿಲ್ಲೆಯ ಕರಾವಳಿಯಲ್ಲಿ ದೊಡ್ಡ ಉಬ್ಬರ ಸಾಮಾನ್ಯವಾಗಿ ನಡುಹಗಲು ಹಾಗೂ ನಡುರಾತ್ರಿಯ ಆಸುಪಾಸಿನಲ್ಲಿ ಬರುತ್ತದೆ. ಇಳಿತ ಬರುವುದು ಸೂರ್ಯಾಸ್ತದ ಸುಮಾರಿಗೆ. ಪ್ರವಾಸಿಗರು ಸೂರ್ಯಾಸ್ತ ನೋಡಲು ಬಂದಾಗ ಬಂಡೆಗಳು ಅತಿ ಹೆಚ್ಚು ಹೊರಬಂದಿರುತ್ತವೆ. ಭೂಶಿರವನ್ನು ಸುತ್ತಿ ಪಕ್ಕದ ಕೊಲ್ಲಿಗೆ ಹೋಗಲು ದಾರಿ ತೆರೆದಿರುತ್ತದೆ. ಅವರು ಹೋಗುತ್ತಾರೆ. ಕತ್ತಲಾಗುತ್ತದೆ. ಅದೇ ಹೊತ್ತಿಗೆ ಕಡಲು ತಿರುಗಿ ಏರಲಾರಂಭಿಸುತ್ತದೆ.

ಏರಿಕೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ನಾವಿಕರು ಬಳಸುವ ಸ್ಥೂಲ ಲೆಕ್ಕದ ಪ್ರಕಾರ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು ಪಾಲು ನೀರು ಏರುತ್ತದೆ. ಒಂದೂವರೆ ಮೀಟರ್ ಏರಿಕೆಗೆ ಇದನ್ನು ಅನ್ವಯಿಸಿದರೆ, ಸಂಜೆ 6ಕ್ಕೆ ಇಳಿತವಿದ್ದಾಗ 7ರ ವೇಳೆಗೆ ಏರುವುದು 12 ಸೆಂಟಿಮೀಟರ್ ಮಾತ್ರ. ಯಾರೂ ಅದನ್ನು ಗಮನಿಸುವುದಿಲ್ಲ. 8ಕ್ಕೆ ಒಟ್ಟು 37, 9ಕ್ಕೆ 75, 10ಕ್ಕೆ 112 ಸೆಂಟಿಮೀಟರ್. ಹೋಗುವಾಗ ಪಾದ ಮುಳುಗುವಷ್ಟು ನೀರಿದ್ದ ದಾರಿಯಲ್ಲಿ ರಾತ್ರಿ 9ಕ್ಕೆ ಸೊಂಟದ ಮಟ್ಟದ ನೀರು, ಅದರ ಮೇಲೆ ಅಲೆ, ಕಾಲಡಿಯಲ್ಲಿ ಕಾಣದ ಪಾಚಿಗಟ್ಟಿದ ಬಂಡೆ. ಮೊದಲ ಗಂಟೆಯ ನಿಧಾನಗತಿಯನ್ನು ನಂಬಿ ಕುಳಿತವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ.

ಉಬ್ಬರ ಇಳಿತದ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಮೀನುಗಾರರಿಗೂ, ಇಳಿತದಲ್ಲಿ ಚಿಪ್ಪು ಆರಿಸುವ ಮಹಿಳೆಯರಿಗೂ ತಿಥಿ ಹೇಳಿದರೆ ವೇಳೆ ಗೊತ್ತು. ತಿಳಿಯದಿರುವುದು ಬಯಲುಸೀಮೆಯಿಂದ, ಬೆಂಗಳೂರಿನಿಂದ ಬಂದವರಿಗೆ ಮಾತ್ರ.

3. ಗಾಳಿಯಿಲ್ಲದ ದಿನದ ದೊಡ್ಡ ಅಲೆ

ಆಕಾಶ ತಿಳಿಯಾಗಿದ್ದು, ಗಾಳಿ ಇಲ್ಲದಿದ್ದರೂ ಕಡಲು ಏಕಾಏಕಿ ಏರಿ ಬರುವುದುಂಟು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಕೆಲವು ದಿನಗಳ ನಂತರ ಪಶ್ಚಿಮ ಕರಾವಳಿಯನ್ನು ತಲುಪುತ್ತವೆ. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಶಾಲೆಗಳ ಬೇಸಿಗೆ ರಜೆಯಲ್ಲಿ, ಇದರ ಸಾಧ್ಯತೆ ಹೆಚ್ಚು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು ಎಂದು ಕರೆಯುತ್ತಾರೆ. ಈ ಅಲೆಗಳ ನಡುವಣ ಅಂತರ ದೀರ್ಘ. ಐದು, ಹತ್ತು ನಿಮಿಷ ಒಣಗಿಯೇ ಇದ್ದ ಬಂಡೆಯ ಮೇಲೆ ಒಂದು ದೊಡ್ಡ ಅಲೆ ಹತ್ತಿ ಬಂದು ನಿಂತವರನ್ನು ಎಳೆದೊಯ್ಯಬಹುದು.

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಇಂತಹ ಅಲೆಗಳ ಬಗ್ಗೆ ಮುನ್ಸೂಚನೆ ನೀಡುತ್ತದೆ. ಎಚ್ಚರಿಕೆ ಜಿಲ್ಲಾ ಕೇಂದ್ರದವರೆಗೆ ಬಂದರೆ ಸಾಲದು, ಬಂಡೆಯ ಬುಡದವರೆಗೆ ತಲುಪಬೇಕು. ಆ ಕೊನೆಯ ಕೊಂಡಿ ಗ್ರಾಮ ಪಂಚಾಯಿತಿ. ಜೂನ್‌ನಿಂದ ಮುಂಗಾರು ಮುಗಿಯುವವರೆಗೆ ಮಾತ್ರ ಮುನ್ಸೂಚನೆಗೆ ಕಾಯುವ ಅಗತ್ಯವೇ ಇಲ್ಲ. ಆ ಅವಧಿಯಲ್ಲಿ ಬಂಡೆಗೊಲ್ಲಿಯ ನೀರಿಗೆ ಯಾರೂ ಇಳಿಯತಕ್ಕದ್ದಲ್ಲ.

4. ಅದೇ ಪಟ್ಟಿಯಲ್ಲಿರುವ ಜೀವಸಂಪತ್ತು

ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಬಂಡೆ ಅಪಾಯದ ಸ್ಥಳವಷ್ಟೇ ಅಲ್ಲ. ಕೊಲ್ಲಿಯ ಜೀವವೈವಿಧ್ಯ ಅತಿ ಸಾಂದ್ರವಾಗಿರುವ ಸ್ಥಳವೂ ಹೌದು. ದಿನಕ್ಕೆರಡು ಬಾರಿ ಮುಳುಗಿ ಎರಡು ಬಾರಿ ಒಣಗುವ ಈ ಪಟ್ಟಿಯಲ್ಲಿ ಪ್ರತಿಯೊಂದು ಜೀವಿಗೂ ತನ್ನ ಮಟ್ಟವಿದೆ. ಮೇಲ್ಭಾಗದಲ್ಲಿ ಬಿಸಿಲು ತಡೆಯಬಲ್ಲ ಸಣ್ಣ ಶಂಖುಗಳು, ಕಾಲು ಕೊಯ್ಯುವಷ್ಟು ಚೂಪಾದ ಬಾರ್ನಕಲ್‌ಗಳು. ಅದರ ಕೆಳಗೆ ಕಲ್ವ, ನೀಲಿಕಲ್ಲು. ಇಳಿತದಲ್ಲೂ ನೀರು ನಿಲ್ಲುವ ಗುಳಿಗಳಲ್ಲಿ ಏಡಿ, ಸೀಗಡಿಮರಿ, ಹೂವಿನಂತೆ ಅರಳಿ ಮುಟ್ಟಿದೊಡನೆ ಮುದುಡುವ ಅನಿಮೋನ್, ಬಣ್ಣಬಣ್ಣದ ಕಡಲ ಬಸವನಹುಳು. ಅನೇಕ ಮೀನುಗಳ ಮರಿಗಳು ದೊಡ್ಡ ಮೀನುಗಳ ಬಾಯಿಂದ ತಪ್ಪಿಸಿಕೊಂಡು ಬೆಳೆಯುವುದು ಇಂತಹ ಗುಳಿ, ಬಿರುಕುಗಳಲ್ಲಿಯೇ.

ಗೋಕರ್ಣದ ಗುಡ್ಡಸಾಲಿನ ದಕ್ಷಿಣಕ್ಕೆ ಅಘನಾಶಿನಿ ನದಿ ಕಡಲು ಸೇರುತ್ತದೆ. ಅದರ 4,801 ಹೆಕ್ಟೇರ್ ವಿಸ್ತಾರದ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾಗಿದೆ. ಅಳಿವೆಯಲ್ಲಿ ಬೆಳಚು, ಬಂಡೆಗಳಲ್ಲಿ ನೀಲಿಕಲ್ಲು ಆರಿಸಿ ಜೀವನ ಸಾಗಿಸುವ ಕುಟುಂಬಗಳು ಈ ಭಾಗದಲ್ಲಿವೆ. ನೀಲಿಕಲ್ಲು ತನ್ನ ಆಹಾರಕ್ಕಾಗಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಸೋಸುತ್ತದೆ. ನೀರಿನಲ್ಲಿರುವ ರೋಗಾಣುಗಳೂ ಅದರ ಒಡಲಲ್ಲಿ ಸಂಗ್ರಹವಾಗುತ್ತವೆ. ಗುಡ್ಡದ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದುದರಿಂದ, ಮೇಲೆ ಕಟ್ಟಿದ ಹೋಂಸ್ಟೇ ಅಥವಾ ಹೋಟೆಲಿನ ಇಂಗುಗುಂಡಿಯ ನೀರು ಸುಲಭವಾಗಿ ಕೆಳಗಿಳಿದು ತೀರದ ಒರತೆಗಳನ್ನು ಸೇರಬಹುದು. ಶೌಚಾಲಯದ ನಿರ್ಲಕ್ಷ್ಯ ಮೊದಲು ಕಾಣಿಸಿಕೊಳ್ಳುವುದು ಚಿಪ್ಪು ಆರಿಸುವ ಬಡ ಕುಟುಂಬದ ತಟ್ಟೆಯಲ್ಲಿ.

ಪ್ರವಾಸಿಗರು ಬಂಡೆಗಳ ಮೇಲೆ ನಡೆಯುವುದರಿಂದಲೂ ಹಾನಿಯುಂಟು. ಕಲ್ಲೊಂದನ್ನು ಮಗುಚಿ ಹಾಗೆಯೇ ಬಿಟ್ಟರೆ ಅದರ ಅಡಿಯಲ್ಲಿ ತಂಪಿನಲ್ಲಿದ್ದ ಜೀವಿಗಳು ಬಿಸಿಲಿಗೆ ಸಾಯುತ್ತವೆ, ಮೇಲಿದ್ದವು ಅಡಿಯಾಗಿ ಸಾಯುತ್ತವೆ. ಖಾಲಿ ಶಂಖವೆಂದು ಒಯ್ದದ್ದು ಬೆನ್ನುಮನೆ ಹುಡುಕುತ್ತಿರುವ ಸನ್ಯಾಸಿ ಏಡಿಗೆ ಬೇಕಾದ ಮನೆ.

5. ಡಾಲ್ಫಿನ್ ಮತ್ತು ಕಡಲಾಮೆ

ಓಂ ತೀರದಿಂದ ಹೊರಡುವ ದೋಣಿಗಳಿಗೆ ಕಾಣಸಿಗುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಇದು ದಡಕ್ಕೆ ಸಮೀಪದ, ಆಳವಿಲ್ಲದ ನೀರಿನಲ್ಲಿಯೇ ಬದುಕುವ ಜಾತಿ. ಜಾಗತಿಕವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದು ಸೇರಿದೆ. ಇದು ಶಬ್ದದ ಮೂಲಕವೇ ಬೇಟೆ ಹುಡುಕುತ್ತದೆ, ಮರಿಯೊಂದಿಗೆ ಸಂಪರ್ಕ ಇರಿಸಿಕೊಳ್ಳುತ್ತದೆ. ಮೂರು ನಾಲ್ಕು ದೋಣಿಗಳು ಇಂಜಿನ್ ಏರಿಸಿ ಸುತ್ತುವರಿದರೆ ಅದು ಬೇಟೆ ಬಿಟ್ಟು ಓಡುತ್ತದೆ. ದಿನವೂ ಹಾಗಾದರೆ ಆ ಜಾಗವನ್ನೇ ತೊರೆಯುತ್ತದೆ. ಆಗ ದೋಣಿಯವರ ದುಡಿಮೆಯೂ ಹೋಗುತ್ತದೆ. ಗುಂಪಿನಿಂದ ಕನಿಷ್ಠ 50 ಮೀಟರ್ ದೂರ ಕಾಯ್ದುಕೊಳ್ಳುವುದು, ಎದುರಿನಿಂದ ಅಡ್ಡಹೋಗದೆ ಪಕ್ಕದಲ್ಲಿ ನಿಧಾನವಾಗಿ ಸಾಗುವುದು, ಒಂದು ಗುಂಪಿನ ಬಳಿ ಎರಡಕ್ಕಿಂತ ಹೆಚ್ಚು ದೋಣಿ ನಿಲ್ಲದಿರುವುದು, ಕಾಲು ಗಂಟೆಯಲ್ಲಿ ಹಿಂದಿರುಗುವುದು ಉತ್ತಮ ಪದ್ಧತಿ. ದೋಣಿ ಮಾಲೀಕರು ತಾವೇ ಒಪ್ಪಿಕೊಂಡ ನಿಯಮ ಹೇರಿದ ನಿಯಮಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಜಿಲ್ಲೆಯ ಮರಳದಂಡೆಗಳಿಗೆ ರಾತ್ರಿ ಹೊತ್ತು ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರ ಸುಮಾರಿಗೆ ಮೊಟ್ಟೆಗಳಿರುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಕಡಲಿನ ಮೇಲಿನ ಮಂದ ಬೆಳಕನ್ನು ಗುರುತಾಗಿ ಹಿಡಿದು ಸಾಗುವ ಮರಿಗಳು, ದಡದಲ್ಲಿ ಪ್ರಖರ ದೀಪವಿದ್ದರೆ ಅದರತ್ತ ತಿರುಗಿ ಸಾಯುತ್ತವೆ. ಡಾಲ್ಫಿನ್, ಕಡಲಾಮೆ ಹಾಗೂ ಅದರ ಮೊಟ್ಟೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿಯಲ್ಲಿ ಅತ್ಯುನ್ನತ ರಕ್ಷಣೆ ಇದೆ. ಗೂಡು ಕಂಡಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

6. ಹೊಣೆ ಯಾರದು?

ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ಪ್ರದೇಶವು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ವಿಶೇಷ ರಕ್ಷಣೆಯ ವಲಯ. ಅಲ್ಲಿ ಹಾಗೂ ಅದಕ್ಕೆ ಹೊಂದಿದ ದಡದಲ್ಲಿ ನಿರ್ಮಾಣಕ್ಕೆ ಆ ಅಧಿಸೂಚನೆಯ ಅನುಮತಿ ಬೇಕು. ಪಂಚಾಯಿತಿ ನೀಡುವ ಪರವಾನಗಿ ಅದಕ್ಕೆ ಬದಲಿಯಾಗಲಾರದು. ದೋಣಿಗಳ ಪರವಾನಗಿ ಬಂದರು ಆಡಳಿತದ್ದು, ಜೀವರಕ್ಷಕರ ವ್ಯವಸ್ಥೆ ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲಾಡಳಿತದ್ದು, ಗುಡ್ಡದ ಕಾಡು ಅರಣ್ಯ ಇಲಾಖೆಯದು, ಅಪರಾಧ ಮತ್ತು ಅಪಘಾತ ಪೊಲೀಸರದ್ದು.

ಹೀಗೆ ಹೊಣೆ ಹಂಚಿಹೋಗಿರುವುದರಿಂದ ಕೊಲ್ಲಿ ಯಾರದ್ದೂ ಅಲ್ಲವೆಂಬ ಸ್ಥಿತಿ ಉಂಟಾಗುವ ಅಪಾಯವಿದೆ. ಎಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಲ್ಲ, ಸ್ಥಳದಲ್ಲಿಯೇ ಇರುವ ಸಂಸ್ಥೆ ಗ್ರಾಮ ಪಂಚಾಯಿತಿ. ಕಸ, ನೈರ್ಮಲ್ಯ, ಕುಡಿಯುವ ನೀರು, ದಾರಿದೀಪ ಇವು ನೇರವಾಗಿ ಅದರ ಕರ್ತವ್ಯಗಳು. ಜೀವವೈವಿಧ್ಯ ಕಾಯ್ದೆ 2002ರ ಅಡಿಯಲ್ಲಿ ರಚಿತವಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಅದರ ಬಳಿ ಇದೆ. ಜಿಲ್ಲೆಯ ಕಾಸರಕೋಡು ತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದುದು ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆಗಳನ್ನು ಒಟ್ಟಿಗೆ ನೋಡಿಕೊಂಡ ಕಾರಣ. ಬಂಡೆಗೊಲ್ಲಿಯಲ್ಲೂ ದಾರಿ ಅದೇ.

7. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

(1) ಉಬ್ಬರದ ಫಲಕ: ಕೊಲ್ಲಿಗೆ ಇಳಿಯುವ ಪ್ರತಿಯೊಂದು ದಾರಿಯ ತಲೆಯಲ್ಲಿ ಕರಿಹಲಗೆ ಇಟ್ಟು, ಆ ದಿನದ ಉಬ್ಬರ, ಇಳಿತದ ವೇಳೆ ಮತ್ತು ‘ಬಂಡೆ ದಾಟಿ ಹೋದವರು ಹಿಂದಿರುಗಬೇಕಾದ ಸಮಯ’ವನ್ನು ಪ್ರತಿದಿನ ಬರೆಸುವುದು. ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿಯಲ್ಲೂ ಇರಲಿ. ಬಣ್ಣದಲ್ಲಿ ಬರೆದ ಶಾಶ್ವತ ‘ಅಪಾಯ’ ಫಲಕವನ್ನು ಯಾರೂ ಓದುವುದಿಲ್ಲ. ಇಂದಿನ ವೇಳೆ ಬರೆದ ಫಲಕವನ್ನು ಓದುತ್ತಾರೆ.

(2) ಸೆಳವಿನ ಗುರುತು: ಹಿರಿಯ ಮೀನುಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ ಸೆಳವಿರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಕೆಂಪು ಬಾವುಟ ನೆಡುವುದು. ಮಳೆಗಾಲದ ನಂತರ ಮರಳು ಸ್ಥಳಾಂತರವಾಗುವುದರಿಂದ ಪ್ರತಿ ವರ್ಷ ಮರುಪರಿಶೀಲನೆ ಅಗತ್ಯ.

(3) ಎಸೆಯುವ ಕ್ಯಾನು: ಮುಳುಗುತ್ತಿರುವವರನ್ನು ಉಳಿಸಲು ಹಾರಿದವರೇ ಜೀವ ಕಳೆದುಕೊಳ್ಳುವುದುಂಟು. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನು ಹತ್ತಿರಹತ್ತಿರ 20 ಕಿಲೋ ಭಾರವನ್ನು ತೇಲಿಸಬಲ್ಲದು. ವಯಸ್ಕನೊಬ್ಬನ ತಲೆ ನೀರಿನ ಮೇಲೆ ಉಳಿಯಲು ಅದು ಧಾರಾಳ. 30 ಮೀಟರ್ ಹಗ್ಗ ಕಟ್ಟಿದ ಇಂತಹ ಕ್ಯಾನುಗಳನ್ನು ಬಂಡೆಯ ಬಳಿ ಗೂಟಕ್ಕೆ ತೂಗುಹಾಕಿಸುವುದು.

(4) ತರಬೇತಿ: ಅಂಗಡಿಯವರು, ದೋಣಿಯವರು, ಹೋಂಸ್ಟೇ ನಡೆಸುವವರಿಗೆ ಆರೋಗ್ಯ ಇಲಾಖೆಯ ನೆರವಿನಿಂದ ಕೃತಕ ಉಸಿರಾಟ ಮತ್ತು ಎದೆಯೊತ್ತುವ ತರಬೇತಿ ನೀಡಿಸುವುದು. ನೀರಿನಿಂದ ತೆಗೆದವರ ಹೊಟ್ಟೆ ಅದುಮಿ ನೀರು ಕಕ್ಕಿಸುವ ಪದ್ಧತಿ ತಪ್ಪು. ಅದರಿಂದ ಅಮೂಲ್ಯ ಕ್ಷಣಗಳು ವ್ಯರ್ಥವಾಗುತ್ತವೆ.

(5) ದೂರವಾಣಿ: 112 (ತುರ್ತು), 108 (ಆಂಬುಲೆನ್ಸ್), 1554 (ಕರಾವಳಿ ಕಾವಲು ಪಡೆ), 1926 (ಅರಣ್ಯ ಸಹಾಯವಾಣಿ) ಸಂಖ್ಯೆಗಳನ್ನು ಬರೆಸುವುದು. ಗುಡ್ಡದ ಮರೆಯಲ್ಲಿ ಮೊಬೈಲ್ ಸಂಪರ್ಕ ಎಲ್ಲಿ ಸಿಗುತ್ತದೆ ಎಂಬುದನ್ನು ಪರೀಕ್ಷಿಸಿ ಆ ಜಾಗವನ್ನೂ ಗುರುತಿಸುವುದು.

(6) ಕಸ ಮತ್ತು ಶೌಚ: ತೀರದ ಕಸವನ್ನು ಸ್ವಚ್ಛ ಸಂಕೀರ್ಣಕ್ಕೆ ಸಾಗಿಸಲು ಸ್ವಸಹಾಯ ಸಂಘಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದು. ಗುಡ್ಡದ ಮೇಲಿನ ವಸತಿಗೃಹಗಳ ಇಂಗುಗುಂಡಿಗಳನ್ನು ಮಳೆಗಾಲಕ್ಕೆ ಮೊದಲು ಪರಿಶೀಲಿಸುವುದು.

(7) ಮಾರ್ಗದರ್ಶಕರು: ಇಳಿತದ ವೇಳೆಯಲ್ಲಿ ಚಿಕ್ಕ ಗುಂಪುಗಳನ್ನು ಬಂಡೆಗುಳಿಗಳ ಬಳಿಗೆ ಕರೆದೊಯ್ದು ತೋರಿಸಲು ಸ್ಥಳೀಯ ಯುವಕ ಯುವತಿಯರನ್ನು, ವಿಶೇಷವಾಗಿ ಚಿಪ್ಪು ಆರಿಸುವ ಕುಟುಂಬದವರನ್ನು, ತರಬೇತುಗೊಳಿಸುವುದು. ಅವರು ಜೊತೆಗಿದ್ದರೆ ನೀರು ತಿರುಗುವ ಮೊದಲೇ ಗುಂಪು ದಡ ಸೇರುತ್ತದೆ, ಕಲ್ಲು ಮಗುಚುವುದೂ ನಿಲ್ಲುತ್ತದೆ. ಅವರು ಗುರುತಿಸಿದ ಜೀವಿಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು.

ಈ ಏಳರಲ್ಲಿ ಹೆಚ್ಚಿನವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಕರಿಹಲಗೆ, ಸೀಮೆಸುಣ್ಣ, ಹಗ್ಗ, ಖಾಲಿ ಕ್ಯಾನು ಮತ್ತು ಪ್ರತಿದಿನ ಬೆಳಿಗ್ಗೆ ವೇಳೆ ಬರೆಯುವ ಒಬ್ಬ ವ್ಯಕ್ತಿ ಸಾಕು. ಕರಾವಳಿಯ ಮಾನ್ಯ ಸದಸ್ಯರು ಪ್ರವಾಸಿ ಋತು ಆರಂಭವಾಗುವ ಅಕ್ಟೋಬರ್‌ಗೆ ಮುನ್ನ ನಡೆಯುವ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ತಮ್ಮ ವ್ಯಾಪ್ತಿಯ ಪ್ರತಿಯೊಂದು ಕೊಲ್ಲಿಗೂ ಫಲಕ ಬರೆಯುವವರ ಹೆಸರನ್ನು ನಿರ್ಣಯದಲ್ಲಿ ನಮೂದಿಸುವುದು ಸೂಕ್ತ. ಹೆಸರಿಲ್ಲದ ಕೆಲಸ ಮೊದಲ ವಾರದಲ್ಲಿಯೇ ನಿಂತುಹೋಗುತ್ತದೆ. ಕಡಲು ಮಾತ್ರ ತನ್ನ ವೇಳೆಗೆ ಸರಿಯಾಗಿ ಏರುತ್ತದೆ.